ಜಲ್ಲಿ ಕಾಣುವ ಕಾಂಕ್ರೀಟ್ ಅಂಗಳ

ಜಲ್ಲಿ ಕಾಣುವ ಕಾಂಕ್ರೀಟ್ ಅಂಗಳ ಎಂಬುದು ಮನೆಯ ಮುಂದೆ ಅಥವಾ ಹಿತ್ತಲಿನಲ್ಲಿ ಹಾಕುವ ಒಂದು ಬಗೆಯ ಕಾಂಕ್ರೀಟ್ ನೆಲ. ಕಾಂಕ್ರೀಟ್ ಪೂರ್ತಿ ಗಟ್ಟಿಯಾಗುವ ಮುನ್ನ ಅದರ ಮೇಲ್ಪದರದ ಸಿಮೆಂಟ್ ಗಾರೆಯನ್ನು ತೊಳೆದು ತೆಗೆದು, ಒಳಗಿನ ಕಲ್ಲುಹರಳುಗಳು ಕಾಣುವಂತೆ ಮಾಡುವುದು ಇದರ ವೈಶಿಷ್ಟ್ಯ. ನಿರ್ಮಾಣ ಕ್ಷೇತ್ರದಲ್ಲಿ ಇದಕ್ಕೆ ಎಕ್ಸ್‌ಪೋಸ್ಡ್ ಅಗ್ರಿಗೇಟ್ ಕಾಂಕ್ರೀಟ್ ಎಂಬ ಹೆಸರಿದೆ. ಮೊಸಾಯಿಕ್ ನೆಲದಲ್ಲಿಯೂ ಕಲ್ಲಿನ ಚೂರುಗಳು ಕಾಣುತ್ತವೆ. ಆದರೆ ಅಲ್ಲಿ ಗಟ್ಟಿಯಾದ ನೆಲವನ್ನು ಉಜ್ಜಿ ನುಣುಪು ಮಾಡಲಾಗುತ್ತದೆ, ಇಲ್ಲಿ ಹಸಿ ಗಾರೆಯನ್ನು ತೊಳೆಯಲಾಗುತ್ತದೆ. ಆದ್ದರಿಂದ ಈ ನೆಲ ಒರಟಾಗಿ ಉಳಿದು, ಮಳೆಯಲ್ಲಿಯೂ ಕಾಲು ಜಾರುವುದು ಕಡಿಮೆ.

ಬಳ್ಳಾರಿ ಜಿಲ್ಲೆಯ ರಾರಾವಿ, ಸಿರುಗುಪ್ಪ ಮತ್ತು ಕುರುಗೋಡು ಭಾಗದಂತಹ ಎರೆಮಣ್ಣಿನ ನೆಲದಲ್ಲಿ ಇಂತಹ ಅಂಗಳದ ಬಾಳಿಕೆಯು ಮೇಲೆ ಕಾಣುವ ಕಲ್ಲಿಗಿಂತ ಹೆಚ್ಚಾಗಿ ಅದರ ಕೆಳಗಿನ ಮಣ್ಣಿನ ಸಿದ್ಧತೆಯನ್ನು ಅವಲಂಬಿಸಿರುತ್ತದೆ.

ಹಿನ್ನೆಲೆ

ಕಾಂಕ್ರೀಟಿನ ಜಲ್ಲಿಯನ್ನೇ ಅಲಂಕಾರವಾಗಿ ತೋರಿಸುವ ವಿಧಾನವನ್ನು 20ನೇ ಶತಮಾನದ ಆರಂಭದ ದಶಕಗಳಲ್ಲಿ ಅಮೆರಿಕದ ಕುಶಲಕರ್ಮಿ ಜಾನ್ ಜೋಸೆಫ್ ಅರ್ಲಿ ವಾಷಿಂಗ್ಟನ್ ನಗರದ ಮೆರಿಡಿಯನ್ ಹಿಲ್ ಉದ್ಯಾನದ ಕಾಮಗಾರಿಯಲ್ಲಿ ಬೆಳೆಸಿದರು. ಬಳ್ಳಾರಿ ಸೀಮೆಯ ಮನೆಗಳ ಅಂಗಳಕ್ಕೆ ಮಣ್ಣಿನ ನೆಲವನ್ನು ಸಗಣಿಯಿಂದ ಸಾರಿಸುವುದು, ಗಾರೆ ನೆಲ ಹಾಕುವುದು ಅಥವಾ ಕಡಪ, ಶಹಾಬಾದ್ ಮುಂತಾದ ಕಲ್ಲಿನ ಬಂಡೆಗಳನ್ನು ಹಾಸುವುದು ರೂಢಿಯಲ್ಲಿರುವ ಕ್ರಮಗಳು. ಬಿಡಿಬಿಡಿ ಬಂಡೆಗಳ ಹಾಸು ಮಣ್ಣಿನ ಚಲನೆಗೆ ಸ್ವಲ್ಪ ಹೊಂದಿಕೊಳ್ಳುತ್ತದೆ. ಎದ್ದ ಬಂಡೆಯನ್ನು ಕಿತ್ತು ಮತ್ತೆ ಕೂರಿಸಬಹುದು. ಒಂದೇ ಹಾಸಾಗಿ ಎರೆದ ಕಾಂಕ್ರೀಟಿಗೆ ಈ ಅನುಕೂಲವಿಲ್ಲ.

ಎರೆಮಣ್ಣಿನ ಸಮಸ್ಯೆ

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜವು ನೀರು ಹೀರಿದಾಗ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಬೇಸಿಗೆಯಲ್ಲಿ ಹೊಲಗಳಲ್ಲಿ ಕಾಣುವ ಆಳವಾದ ಬಿರುಕುಗಳಿಗೆ ಇದೇ ಕಾರಣ. ಸಿರುಗುಪ್ಪ ತಾಲ್ಲೂಕಿನಲ್ಲಿ ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತ ಬೆಳೆಯಲಾಗುತ್ತದೆ. ಗದ್ದೆಗೆ ಹತ್ತಿರವಿರುವ ಮನೆಗಳ ಸುತ್ತಲಿನ ಮಣ್ಣಿನ ತೇವವು ಮಳೆಯೊಂದರಿಂದಲೇ ಅಲ್ಲದೆ, ಕಾಲುವೆಗೆ ನೀರು ಬಿಡುವ ಮತ್ತು ನಿಲ್ಲಿಸುವ ಕಾಲಕ್ಕೆ ಅನುಗುಣವಾಗಿಯೂ ಬದಲಾಗುತ್ತದೆ.

ಕಾಂಕ್ರೀಟ್ ಹಾಸಿನ ನಡುಭಾಗದ ಕೆಳಗೆ ತೇವ ಉಳಿದು ಅಂಚುಗಳ ಕೆಳಗೆ ಮಣ್ಣು ಒಣಗಿದರೆ ನಡುಭಾಗ ಎದ್ದು ಅಂಚುಗಳು ಕುಸಿಯುತ್ತವೆ. ಮಳೆಗಾಲದಲ್ಲಿ ಅಂಚುಗಳಿಗೆ ಮೊದಲು ನೀರು ಸೇರಿದರೆ ಇದಕ್ಕೆ ವಿರುದ್ಧವಾಗಿ ಅಂಚುಗಳೇ ಏಳುತ್ತವೆ. ಎರಡು ಸಂದರ್ಭಗಳಲ್ಲಿಯೂ ತೆಳುವಾದ ಹಾಸು ಬಿರಿಯುತ್ತದೆ. ಇಳಿಜಾರು ಮನೆಯ ಕಡೆಗೆ ತಿರುಗಿದರೆ ನೀರು ತಳಪಾಯಕ್ಕೆ ಇಳಿದು ಗೋಡೆಗಳಿಗೂ ಹಾನಿಯಾಗಬಹುದು.

ಮಣ್ಣಿನ ಹಿಗ್ಗುವ ಗುಣವನ್ನು ಭಾರತೀಯ ಮಾನಕ ಐಎಸ್ 2720ರ 40ನೇ ಭಾಗದಲ್ಲಿ ಹೇಳಿರುವ ಸರಳ ಪರೀಕ್ಷೆಯಿಂದ ತಿಳಿಯಬಹುದು. ಒಣಗಿಸಿ ಜರಡಿ ಹಿಡಿದ 10 ಗ್ರಾಂ ಮಣ್ಣನ್ನು ನೀರಿರುವ ಒಂದು ಅಳತೆ ಜಾಡಿಗೂ, ಅಷ್ಟೇ ಮಣ್ಣನ್ನು ಸೀಮೆಎಣ್ಣೆಯಿರುವ ಇನ್ನೊಂದು ಜಾಡಿಗೂ ಹಾಕಿ, ನಿಗದಿತ ಅವಧಿಯ ಬಳಿಕ ತಂಗಿದ ಮಣ್ಣಿನ ಗಾತ್ರಗಳನ್ನು ಹೋಲಿಸಲಾಗುತ್ತದೆ. ಸೀಮೆಎಣ್ಣೆಯಲ್ಲಿ ಮಣ್ಣು ಹಿಗ್ಗುವುದಿಲ್ಲ. ನೀರಿನಲ್ಲಿನ ಹೆಚ್ಚಳವು ಶೇ. 50ನ್ನು ಮೀರುವ ಮಣ್ಣನ್ನು ರಸ್ತೆ ಕಾಮಗಾರಿಗಳಲ್ಲಿ ಭರ್ತಿಗೆ ಯೋಗ್ಯವೆಂದು ಎಣಿಸುವುದಿಲ್ಲ.

ತಳದ ಸಿದ್ಧತೆ

ಎರೆ ಪದರವು ತೆಳುವಾಗಿದ್ದರೆ ಅದನ್ನು ಪೂರ್ತಿಯಾಗಿ ಅಗೆದು ತೆಗೆಯುವುದು ಉತ್ತಮ. ಆಳವಾಗಿದ್ದರೆ ಮೇಲಿನ ಭಾಗವನ್ನು ತೆಗೆದು, ಆ ಜಾಗಕ್ಕೆ ಹಿಗ್ಗದ ಗರಸು ಮಣ್ಣನ್ನು ತುಂಬಲಾಗುತ್ತದೆ. ಗರಸನ್ನು ಒಮ್ಮೆಲೇ ಸುರಿಯದೆ, ಸುಮಾರು 6 ಇಂಚಿನ ಪದರಗಳಾಗಿ ಹರಡಿ, ಹದವಾಗಿ ನೀರು ಚಿಮುಕಿಸಿ ದಮ್ಮಸು ಮಾಡಬೇಕು. ಬರಿಯ ಮರಳನ್ನು ತುಂಬುವುದು ಸೂಕ್ತವಲ್ಲ. ಮರಳಿನ ಪದರವು ನೀರನ್ನು ಹಿಡಿದಿಟ್ಟು ಕೆಳಗಿನ ಎರೆಮಣ್ಣಿಗೆ ಉಣಿಸುತ್ತದೆ.

ಹಿಗ್ಗದ, ಆದರೆ ಅಂಟುಗುಣವುಳ್ಳ ಮಣ್ಣಿನ ಪದರದಿಂದ ಎರೆಮಣ್ಣಿನ ಉಬ್ಬರವನ್ನು ತಡೆಯುವ ವಿಧಾನವನ್ನು ಮುಂಬಯಿಯ ಭಾರತೀಯ ತಂತ್ರಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ಆರ್. ಕೆ. ಕಟ್ಟಿ ಅಭಿವೃದ್ಧಿಪಡಿಸಿದರು. ಕರ್ನಾಟಕದ ಮಲಪ್ರಭಾ ಯೋಜನೆಯ ಕಾಲುವೆಗಳಲ್ಲಿ ಈ ವಿಧಾನ ಬಳಕೆಯಾಗಿದೆ. ಎರೆಮಣ್ಣಿಗೆ ಸುಣ್ಣ ಬೆರೆಸಿ ಅದರ ಹಿಗ್ಗುವಿಕೆಯನ್ನು ತಗ್ಗಿಸುವುದು ಇನ್ನೊಂದು ಮಾರ್ಗ.

ಅಂಗಳದ ಇಳಿಜಾರು ಮನೆಯಿಂದ ಹೊರಕ್ಕೆ, ಪ್ರತಿ 50 ಅಡಿಗೆ ಸುಮಾರು 1 ಅಡಿಯಷ್ಟು ಇರುವಂತೆ ಮಟ್ಟ ಹಿಡಿಯಲಾಗುತ್ತದೆ. ಗೋಡೆ ಮತ್ತು ಹಾಸಿನ ನಡುವೆ ಸುಮಾರು ಅರ್ಧ ಇಂಚಿನ ಥರ್ಮಾಕೋಲ್ ಅಥವಾ ಡಾಂಬರು ಹಲಗೆಯನ್ನಿಟ್ಟು ಎರಡನ್ನೂ ಬೇರ್ಪಡಿಸಲಾಗುತ್ತದೆ.

ಸಾಮಗ್ರಿ

ಸಾಮಾನ್ಯ ಅಂಗಳಕ್ಕೆ 4 ಇಂಚು ದಪ್ಪದ ಎಂ20 ದರ್ಜೆಯ ಕಾಂಕ್ರೀಟ್ ಬಳಕೆಯಲ್ಲಿದೆ. ರೂಢಿಯ 1:1.5:3 ಮಿಶ್ರಣದಲ್ಲಿ 10 ಅಡಿ ಉದ್ದ, 10 ಅಡಿ ಅಗಲದ ಹಾಸಿಗೆ ಸುಮಾರು 8 ಚೀಲ ಸಿಮೆಂಟ್, 14 ಘನ ಅಡಿ ಮರಳು ಅಥವಾ ಎಂ-ಸ್ಯಾಂಡ್ ಮತ್ತು 28 ಘನ ಅಡಿ ಜಲ್ಲಿ ಬೇಕಾಗುತ್ತದೆ. ಐಎಸ್ 456ರ ಪ್ರಕಾರ ಈ ದರ್ಜೆಯ ರೂಢಿ ಮಿಶ್ರಣದಲ್ಲಿ 50 ಕೆ.ಜಿ. ಸಿಮೆಂಟಿಗೆ ನೀರು 30 ಲೀಟರ್ ಮೀರಬಾರದು. ಸುಲಭವಾಗಿ ಹರಿಯಲೆಂದು ಹೆಚ್ಚು ನೀರು ಸುರಿದರೆ ಜಲ್ಲಿ ತಳಕ್ಕಿಳಿದು, ತೊಳೆದಾಗ ಮೇಲೆ ಕಲ್ಲಿಲ್ಲದ ತೇಪೆಗಳು ಕಾಣುತ್ತವೆ.

ಮೇಲೆ ಕಾಣಬೇಕಾದ ಹರಳುಗಳು 10ರಿಂದ 20 ಮಿ.ಮೀ. ಗಾತ್ರದ, ಗಟ್ಟಿಯಾದ, ಧೂಳಿಲ್ಲದ ಕಲ್ಲುಗಳಾಗಿರಬೇಕು. ಬರಿಗಾಲಿನಲ್ಲಿ ಓಡಾಡುವ ಅಂಗಳಕ್ಕೆ ಒಡೆದ ಜಲ್ಲಿಗಿಂತ ದುಂಡನೆಯ ನುಣುಪು ಕಲ್ಲು ಹಿತಕರ. ಕಬ್ಬಿಣದ ಅಂಶವುಳ್ಳ ಕಲ್ಲುಗಳು ಮಳೆಯಲ್ಲಿ ತುಕ್ಕಿನ ಕಲೆ ಬಿಡಬಹುದಾದ್ದರಿಂದ ಅವುಗಳನ್ನು ಆರಿಸಿ ತೆಗೆಯಲಾಗುತ್ತದೆ.

ಎರಕ ಮತ್ತು ಹರಳು ಹರಡುವಿಕೆ

ಸುತ್ತ ಹಲಗೆಗಳ ಚೌಕಟ್ಟು ಕಟ್ಟಿ, 8 ಮಿ.ಮೀ. ಕಂಬಿಯ ಜಾಲರಿಯನ್ನು ಕವರ್ ಬ್ಲಾಕ್‌ಗಳ ಮೇಲೆ ಕೂರಿಸಿ ಕಾಂಕ್ರೀಟ್ ತುಂಬಲಾಗುತ್ತದೆ. ಜಾಲರಿಯು ಬಿರುಕು ಅಗಲವಾಗದಂತೆ ಹಿಡಿದಿಡುತ್ತದೆಯೇ ಹೊರತು ಮಣ್ಣಿನ ಉಬ್ಬರವನ್ನು ತಡೆಯುವುದಿಲ್ಲ. ಕಾಂಕ್ರೀಟನ್ನು ಚೌಕಟ್ಟಿನ ಅಂಚಿಗಿಂತ ಸುಮಾರು 10 ಮಿ.ಮೀ. ತಗ್ಗಿಗೆ ಮಟ್ಟ ಮಾಡಿ, ಒದ್ದೆ ಮಾಡಿದ ಹರಳುಗಳನ್ನು ಒಂದೇ ಪದರವಾಗಿ, ಒತ್ತೊತ್ತಾಗಿ ಹರಡಲಾಗುತ್ತದೆ. ಬಳಿಕ ಮರದ ಹಲಗೆಯಿಂದ ತಟ್ಟಿ, ಹರಳುಗಳ ಮೇಲೆ ತೆಳುವಾಗಿ ಗಾರೆ ಮೂಡುವವರೆಗೆ ಒತ್ತಲಾಗುತ್ತದೆ.

ಕುಗ್ಗುವಿಕೆಯ ಬಿರುಕುಗಳು ಗೊತ್ತಾದ ಗೆರೆಯಲ್ಲಿಯೇ ಬರುವಂತೆ 8ರಿಂದ 10 ಅಡಿಗೊಂದು ಸಂದು ಬಿಡಬೇಕು. ಈ ಸಂದಿನ ಆಳವು ಹಾಸಿನ ದಪ್ಪದ ಕಾಲು ಭಾಗದಷ್ಟು, ಅಂದರೆ 1 ಇಂಚು ಇರಬೇಕು.

ತೊಳೆಯುವ ಹದ

ಈ ಕೆಲಸದಲ್ಲಿ ಹೆಚ್ಚಿನ ಎಚ್ಚರ ಬೇಡುವ ಹಂತವಿದು. ಬೇಗ ತೊಳೆದರೆ ಹರಳುಗಳು ಕಿತ್ತುಬರುತ್ತವೆ. ತಡವಾದರೆ ಗಾರೆ ಬಿಡುವುದಿಲ್ಲ. ಮೂಲೆಯಲ್ಲಿ ಸ್ವಲ್ಪ ಜಾಗವನ್ನು ಮೃದುವಾದ ಬ್ರಷ್‌ನಿಂದ ಉಜ್ಜಿ, ಗಾರೆ ಹೋಗಿ ಹರಳು ಅಲುಗದೆ ನಿಂತರೆ ಹದ ಬಂದಿದೆ ಎಂದು ತಿಳಿಯಲಾಗುತ್ತದೆ. ಹರಳಿನ ದಪ್ಪದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತೆರೆಯಬಾರದು. ಉಳಿದ ಭಾಗ ಗಾರೆಯಲ್ಲಿ ಹುದುಗಿರಬೇಕು.

ಬಿಸಿಲಿನಲ್ಲಿ ಈ ಹದವು ಕೆಲವೇ ಗಂಟೆಗಳಲ್ಲಿ ಬಂದು ಮೀರಿಹೋಗುತ್ತದೆ. ಆದ್ದರಿಂದ ಮೇಲ್ಪದರ ಗಟ್ಟಿಯಾಗುವುದನ್ನು ನಿಧಾನಿಸುವ ಸರ್ಫೇಸ್ ರಿಟಾರ್ಡರ್ ದ್ರಾವಣವನ್ನು ಸಿಂಪಡಿಸಿ, ಪ್ಲಾಸ್ಟಿಕ್ ಹಾಳೆ ಹೊದಿಸಿ, ಸಾಮಾನ್ಯವಾಗಿ ಮರುದಿನ ತೊಳೆಯಲಾಗುತ್ತದೆ. ಸಕ್ಕರೆಗೂ ಸಿಮೆಂಟ್ ಗಟ್ಟಿಯಾಗುವುದನ್ನು ತಡೆಯುವ ಗುಣವಿದೆ. ಆದರೆ ಅದರ ಪ್ರಮಾಣ ತಪ್ಪಿದರೆ ಕಾಂಕ್ರೀಟೇ ದುರ್ಬಲವಾಗುತ್ತದೆ. ಐಎಸ್ 7861ರ ಮೊದಲ ಭಾಗವು 40 ಡಿಗ್ರಿ ಸೆಲ್ಸಿಯಸ್ ಮೀರಿದ ಉಷ್ಣತೆಯಲ್ಲಿನ ಕಾಂಕ್ರೀಟ್ ಕೆಲಸಕ್ಕೆ ವಿಶೇಷ ಎಚ್ಚರಿಕೆಗಳನ್ನು ವಿಧಿಸುತ್ತದೆ. ಬಳ್ಳಾರಿಯ ಬೇಸಿಗೆಯಲ್ಲಿ ಈ ಮಿತಿ ಮೀರುವುದು ಸಾಮಾನ್ಯವಾದ್ದರಿಂದ ನವೆಂಬರ್‌ನಿಂದ ಫೆಬ್ರವರಿವರೆಗಿನ ಅವಧಿ ಈ ಕೆಲಸಕ್ಕೆ ಅನುಕೂಲಕರ.

ಉಳಿದ ಸಿಮೆಂಟ್ ಪೊರೆಯನ್ನು ತೆಗೆಯಲು ಕೆಲವೆಡೆ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲವನ್ನು ಬಳಸುವುದುಂಟು. ಕಡಪ ಮತ್ತು ಶಹಾಬಾದ್ ಕಲ್ಲುಗಳು ಸುಣ್ಣದಕಲ್ಲಿನ ಜಾತಿಯವು. ಅವುಗಳ ಚೂರುಗಳನ್ನು ಹರಳಾಗಿ ಬಳಸಿದ್ದರೆ ಆಮ್ಲವು ಕಲ್ಲನ್ನೇ ಕರಗಿಸುತ್ತದೆ.

ನೀರುಣಿಸುವಿಕೆ

ತೊಳೆದ ನಂತರ ಹಾಸಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ಸತತವಾಗಿ ತೇವವಿರುವಂತೆ ನೋಡಿಕೊಳ್ಳಬೇಕು. ಐಎಸ್ 456 ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಮಿಶ್ರ ಸಿಮೆಂಟಿಗೆ ಹಾಗೂ ಒಣ ಬಿಸಿ ಹವೆಯಲ್ಲಿ ಕನಿಷ್ಠ 10 ದಿನಗಳ ಅವಧಿಯನ್ನು ನಿಗದಿಪಡಿಸಿದೆ. ಹಾಸಿನಿಂದ ಹರಿಯುವ ನೀರು ಅಂಚಿನ ಎರೆಮಣ್ಣಿನಲ್ಲಿ ನಿಲ್ಲದಂತೆ ಗಮನಿಸಬೇಕು.

ಸುರಕ್ಷತೆ

ಹಸಿ ಸಿಮೆಂಟ್ ಕ್ಷಾರೀಯವಾಗಿದ್ದು ಚರ್ಮವನ್ನು ಸುಡುತ್ತದೆ. ಆದ್ದರಿಂದ ರಬ್ಬರ್ ಕೈಗವಸು ಮತ್ತು ಬೂಟು ಅಗತ್ಯ. ಯಂತ್ರದಿಂದ ಸಂದು ಕೊರೆಯುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ನೀರು ಹಾಯಿಸುತ್ತ ಕೊರೆಯಲಾಗುತ್ತದೆ. ಆಮ್ಲವನ್ನು ತೆಳುಮಾಡುವಾಗ ನೀರಿಗೆ ಆಮ್ಲವನ್ನು ಹಾಕಬೇಕಲ್ಲದೆ ಆಮ್ಲಕ್ಕೆ ನೀರನ್ನು ಹಾಕಬಾರದು. ತೊಳೆದ ಸಿಮೆಂಟ್ ನೀರನ್ನು ಬಾವಿ, ಚರಂಡಿ ಅಥವಾ ಹೊಲದ ಕಾಲುವೆಗೆ ಬಿಡದೆ ಗುಂಡಿಯಲ್ಲಿ ಇಂಗಿಸಿ, ತಂಗಿದ ಸಿಮೆಂಟನ್ನು ಬೇರೆಡೆ ವಿಲೇವಾರಿ ಮಾಡಬೇಕು. ಈ ಗುಂಡಿಯು ಮನೆಯ ತಳಪಾಯದಿಂದಲೂ ಹಾಸಿನಿಂದಲೂ ದೂರವಿರಬೇಕು.

ಬಳಕೆ ಮತ್ತು ಮಿತಿಗಳು

ಹರಳುಗಳ ನಡುವಿನ ಸಂದಿಗಳಲ್ಲಿ ಕಾಳು ಸಿಕ್ಕಿಕೊಳ್ಳುವುದರಿಂದ ಈ ನೆಲವು ಭತ್ತ ಅಥವಾ ಜೋಳ ಒಣಗಿಸಲು ತಕ್ಕುದಲ್ಲ. ರಂಗೋಲಿಯೂ ಇದರ ಮೇಲೆ ಸರಿಯಾಗಿ ಮೂಡುವುದಿಲ್ಲ; ಆದ್ದರಿಂದ ಹೊಸ್ತಿಲ ಮುಂದೆ ನುಣುಪು ಕಲ್ಲಿನ ಪಟ್ಟಿಯೊಂದನ್ನು ಕೂರಿಸಿಕೊಳ್ಳಬಹುದು. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಸಂದುಗಳನ್ನು ಪರಿಶೀಲಿಸಿ ಸೀಲೆಂಟ್ ತುಂಬಿದರೆ ಕೆಳಗಿನ ಮಣ್ಣಿಗೆ ನೀರಿಳಿಯುವುದು ತಪ್ಪುತ್ತದೆ. ಹಾಸಿನ ಅಂಚಿಗೆ ತಾಗಿ ದೊಡ್ಡ ಮರಗಳನ್ನು ನೆಡುವುದು ಸೂಕ್ತವಲ್ಲ. ಬೇರುಗಳು ಎರೆಮಣ್ಣಿನ ತೇವವನ್ನು ಹೀರಿದಾಗ ಆ ಭಾಗ ಕುಸಿಯುತ್ತದೆ. ಎರೆ ಪದರವು ಬಹಳ ಆಳವಾಗಿದ್ದು ಗರಸು ತುಂಬುವುದು ಸಾಧ್ಯವಾಗದ ಕಡೆ ಬಿಡಿ ಬಂಡೆಗಳ ಹಾಸು ಹೆಚ್ಚು ಬಾಳಿಕೆಯ ಆಯ್ಕೆಯಾಗುತ್ತದೆ.