ತೆಂಗಿನ ವೋಡ್ಕಾ ಯಾಕೆ ಬೇಡ: ಭಟ್ಟಿ, ಬಾಟಲಿ ಮತ್ತು ಲೇಬಲ್ ಓದುವ ಬಗೆ

ಕೊಬ್ಬರಿ ರೇಟು ಬಿದ್ದಾಗಲೆಲ್ಲ ನಮ್ಮ ಬಿಳಿಗೆರೆ ಕಡೆ ಒಂದು ಮಾತು ಏಳುತ್ತೆ: "ತೆಂಗಿಂದಾನೇ ವೋಡ್ಕಾ ಮಾಡಿ ಮಾರಬಾರದಾ?" 2023ರಲ್ಲಿ ಇದು ಜೋರಾಗಿತ್ತು. ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ತಿಪಟೂರು ಎಪಿಎಂಸಿಯಲ್ಲಿ ಹರಾಜು ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗೆ ನಡೀತಿತ್ತು. 2025ರಲ್ಲಿ ಬೆಲೆ ಮೇಲೆದ್ದಿತು, ಮಾತು ತಣ್ಣಗಾಯ್ತು. ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವನು ಅನ್ನೋ ಕಾರಣಕ್ಕೆ ಈ ಪ್ರಶ್ನೆ ನನ್ನ ಕಡೆಗೂ ಬರುತ್ತೆ. ನನ್ನ ಉತ್ತರ ಇಷ್ಟೇ: ತೆಂಗಿನ ರಸದಿಂದ ವೋಡ್ಕಾ ಮಾಡಬಹುದು. ಮಾಡಿದ ಮೇಲೆ ಅದರಲ್ಲಿ ತೆಂಗು ಇರೋದಿಲ್ಲ.

ಯಾಕೆ ಅಂತ ತಿಳಿಯೋಕೆ ವೋಡ್ಕಾ ಹೇಗಾಗುತ್ತೆ ಅಂತ ನೋಡಬೇಕು. ನಮ್ಮ ದೇಶದಲ್ಲಿ ಅದರ ಮೂಲ ಎರಡು. ಒಂದು ಕಾಕಂಬಿ, ಅಂದರೆ ಸಕ್ಕರೆ ಹರಳು ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯೋ ಕಪ್ಪು ಪಾಕ. ಇನ್ನೊಂದು ಧಾನ್ಯ: ನುಚ್ಚಕ್ಕಿ, ಮೆಕ್ಕೆಜೋಳ. ಕಾಕಂಬಿಗೆ ನೀರು ಸೇರಿಸಿ ಯೀಸ್ಟ್ ಬಿಟ್ಟರೆ ಒಂದೆರಡು ದಿನದಲ್ಲಿ ಹುಳಿತು ಶೇ 8-10ರಷ್ಟು ಆಲ್ಕೋಹಾಲ್ ಇರೋ ದ್ರವ ಆಗುತ್ತೆ. ಧಾನ್ಯವನ್ನು ಮೊದಲು ಬೇಯಿಸಿ, ಕಿಣ್ವ ಹಾಕಿ ಪಿಷ್ಟವನ್ನು ಸಕ್ಕರೆ ಮಾಡಿಕೊಳ್ಳಬೇಕು. ಆಮೇಲಿನ ದಾರಿ ಎರಡಕ್ಕೂ ಒಂದೇ.

ಆ ದಾರಿ ಹೋಗೋದು ಕಾಲಂ ಅನ್ನೋ ಎತ್ತರದ ಗೋಪುರದೊಳಗೆ. ಇವತ್ತಿನ ಕಾಲಂಗಳಿಗೆ ದಾರಿ ಹಾಕಿಕೊಟ್ಟ ಯಂತ್ರಕ್ಕೆ ಐರ್ಲೆಂಡಿನ ಏನಿಯಸ್ ಕಾಫಿ 1830ರಲ್ಲಿ ಪೇಟೆಂಟ್ ಪಡೆದ. ಒಳಗೆ ಇಡ್ಲಿ ಪಾತ್ರೆ ಥರ ತಟ್ಟೆ ಮೇಲೆ ತಟ್ಟೆ. ಕೆಳಗಿಂದ ಹಬೆ ಏರುತ್ತೆ, ಮೇಲಿಂದ ದ್ರವ ಇಳಿಯುತ್ತೆ. ಆಲ್ಕೋಹಾಲ್ ಸುಮಾರು 78 ಡಿಗ್ರಿಗೆ ಕುದಿಯುತ್ತೆ, ನೀರು 100ಕ್ಕೆ. ಪ್ರತಿ ತಟ್ಟೆಯಲ್ಲೂ ಹಬೆ ತಣಿದು ಮತ್ತೆ ಕುದಿಯೋದರಿಂದ ಮೇಲೆ ಹೋದಷ್ಟೂ ಆಲ್ಕೋಹಾಲ್ ಪಾಲು ಜಾಸ್ತಿ. ಹುಳಿಯುವಾಗ ಹುಟ್ಟಿದ ಆಲ್ಡಿಹೈಡ್, ಫ್ಯೂಸೆಲ್ ಎಣ್ಣೆ ಇತ್ಯಾದಿಗಳನ್ನು ಮುಂದಿನ ಕಾಲಂಗಳಲ್ಲಿ ಬೇರ್ಪಡಿಸ್ತಾರೆ. ಘಾಟು, ಪರಿಮಳ, ಮೂಲದ ಗುರುತು ಎಲ್ಲ ಇರೋದು ಇವುಗಳಲ್ಲೇ. ಕೊನೆಗೆ ಸಿಗೋದು ಸುಮಾರು ಶೇ 96ರ ಎಕ್ಸ್‌ಟ್ರಾ ನ್ಯೂಟ್ರಲ್ ಆಲ್ಕೋಹಾಲ್, ಉದ್ಯಮದ ಬಾಯಲ್ಲಿ ಇಎನ್‌ಎ. ಬರೀ ಕುದಿಸಿ ಅದಕ್ಕಿಂತ ಹೆಚ್ಚು ಮೇಲೆ ಹೋಗೋಕೆ ಆಗಲ್ಲ, ಆ ಹಂತದಲ್ಲಿ ನೀರೂ ಆಲ್ಕೋಹಾಲೂ ಒಟ್ಟಿಗೇ ಆವಿಯಾಗುತ್ತವೆ. (ಉಳಿದ ನೀರನ್ನೂ ಹೀರಿ ಶೇ 99.5 ದಾಟಿಸಿದರೆ ಅದು ಪೆಟ್ರೋಲ್ ಬಂಕಿಗೆ ಹೋಗೋ ಎಥೆನಾಲ್.)

ಈ ಇಎನ್‌ಎಗೆ ಖನಿಜ ತೆಗೆದ ನೀರು ಬೆರೆಸಿ, ಇದ್ದಿಲಲ್ಲಿ ಸೋಸಿ, ಬಾಟಲಿಗೆ ತುಂಬಿದರೆ ವೋಡ್ಕಾ. ಎಷ್ಟೋ ಬಾಟ್ಲಿಂಗ್ ಘಟಕಗಳಲ್ಲಿ ಭಟ್ಟಿಯೇ ಇರೋದಿಲ್ಲ, ಇಎನ್‌ಎ ಟ್ಯಾಂಕರಿನಲ್ಲಿ ಬರುತ್ತೆ.

ಹಾಗಾದರೆ ಆರಿಸೋದು ಏನನ್ನ? ಮೊದಲು ಮೂಲವನ್ನ. ಧಾನ್ಯದ ಸ್ಪಿರಿಟ್ ಬಳಸಿದ ಕಂಪನಿ ಅದನ್ನು ಲೇಬಲ್ಲಿನ ಮೇಲೆ ಹೇಳಿಕೊಳ್ಳದೆ ಬಿಡೋದು ಅಪರೂಪ. ರಾಡಿಕೋ ಖೈತಾನ್‌ನ ಮ್ಯಾಜಿಕ್ ಮೊಮೆಂಟ್ಸ್ ಹಾಗೆ ಹೇಳಿಕೊಂಡೇ ಬೆಳೆದದ್ದು. ಏನೂ ಹೇಳದ ಅಗ್ಗದ ಬಾಟಲಿಯಾದರೆ ಕಾಕಂಬಿಯದ್ದು ಅಂತ ಊಹಿಸಬಹುದು. ಯುರೋಪಿನಲ್ಲಿ ಆಲೂಗಡ್ಡೆ, ಧಾನ್ಯ ಬಿಟ್ಟು ಬೇರೆ ಏನರಿಂದ ಮಾಡಿದರೂ ಅದನ್ನು ಲೇಬಲ್ ಮೇಲೆ ಬರೆಯಲೇಬೇಕು ಅನ್ನೋ ನಿಯಮ 2008ರಲ್ಲಿ ಬಂತು. ಕಾಕಂಬಿ ಅಂದ ಮಾತ್ರಕ್ಕೆ ಕೆಟ್ಟದ್ದಲ್ಲ. ಸರಿಯಾಗಿ ಶುದ್ಧ ಮಾಡದ ಕಾಕಂಬಿ ಕೆಟ್ಟದ್ದು.

ಮೂಗಿನ ಪರೀಕ್ಷೆ ಸುಲಭ. ಫ್ರಿಜ್ಜಿನಲ್ಲಿಡದ ವೋಡ್ಕಾವನ್ನು ಅಷ್ಟೇ ನೀರಿನ ಜೊತೆ ಬೆರೆಸಿ ಮೂಸಿ ನೋಡಿ. ವೃತ್ತಿಪರ ಬ್ಲೆಂಡರುಗಳೂ ಶೇ 20ರ ಆಸುಪಾಸಿಗೆ ಇಳಿಸಿಯೇ ಮೂಸೋದು. ಉಗುರು ಬಣ್ಣ ಒರೆಸೋ ದ್ರವದ ವಾಸನೆ, ಸುಟ್ಟ ಬೆಲ್ಲದ ಘಾಟು, ಗಂಟಲು ಕೆರೆಯೋ ಕಹಿ ಇದ್ದರೆ ಶುದ್ಧೀಕರಣ ಅರ್ಧಂಬರ್ಧ. ತಣ್ಣಗೆ ಕೊರೆಯೋ ಹಾಗೆ ಕೊಟ್ಟರೆ ಯಾವುದೂ ಗೊತ್ತಾಗಲ್ಲ. ಹಸಿರು ಸೇಬು, ಕಿತ್ತಳೆ ಅಂತ ಫ್ಲೇವರ್ ಸೇರಿಸಿದರೂ ಅಷ್ಟೇ.

"ಐದು ಸಲ ಭಟ್ಟಿ ಇಳಿಸಿದ್ದು" ಅನ್ನೋ ಜಾಹೀರಾತಿಗೆ ದುಡ್ಡು ಕೊಡಬೇಡಿ. ಒಂದೇ ಕಾಲಂನಲ್ಲಿ ಹತ್ತಾರು ತಟ್ಟೆ ಇರುವಾಗ ಐದನ್ನು ಎಲ್ಲಿಂದ ಎಣಿಸಿದರು? ವಜ್ರದಲ್ಲಿ ಸೋಸಿದ್ದು ಅನ್ನೋದಂತೂ ಬರೀ ನಾಟಕ. ನನ್ನ ಲೆಕ್ಕದಲ್ಲಿ ಮಧ್ಯಮ ಬೆಲೆಯ ಧಾನ್ಯದ ವೋಡ್ಕಾ ದಾಟಿದ ಮೇಲೆ ನೀವು ಕೊಡೋದು ಗಾಜಿಗೆ, ತೆರಿಗೆಗೆ, ಹೆಸರಿಗೆ.

ಲೇಬಲ್ ಮೇಲಿನ 42.8% ನೋಡಿ. ಈ ವಿಚಿತ್ರ ಸಂಖ್ಯೆ ಬ್ರಿಟಿಷರ ಅಬಕಾರಿ ಅಳತೆಯ ಉಳಿಕೆ. ಅವರ 'ಪ್ರೂಫ್' ಅಂದರೆ ಸುಮಾರು ಶೇ 57.1, ಅದರ ಮುಕ್ಕಾಲು ಭಾಗ 42.8. ಈ ಲೆಕ್ಕದಲ್ಲಿ 30 ಎಂಎಲ್ ಪೆಗ್ಗಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್. ಶೇ 8ರ 650 ಎಂಎಲ್ ಸ್ಟ್ರಾಂಗ್ ಬಿಯರಿನಲ್ಲಿ 41 ಗ್ರಾಂ, ಅಂದರೆ ನಾಲ್ಕು ಪೆಗ್. ಇನ್ನು ವೋಡ್ಕಾ ಕುಡಿದ್ರೆ ವಾಸನೆ ಬರಲ್ಲ, ಪೊಲೀಸ್ರಿಗೆ ಗೊತ್ತಾಗಲ್ಲ ಅನ್ನೋ ಮಾತು. ಅವರ ಯಂತ್ರ ಅಳೆಯೋದು ಆಲ್ಕೋಹಾಲನ್ನ, ವಾಸನೆಯನ್ನಲ್ಲ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ.

ಅಬಕಾರಿ ಚೀಟಿ ಇಲ್ಲದ್ದನ್ನು, ಕ್ಯಾನಿನಲ್ಲಿ ಬರೋ 'ಸ್ಪಿರಿಟ್' ಅನ್ನು ಮುಟ್ಟಲೇಬೇಡಿ. ಕಾಕಂಬಿಯೋ ಬೆಲ್ಲವೋ ಹುಳಿತಾಗ ಕಣ್ಣು ತೆಗೆಯೋವಷ್ಟು ಮೆಥನಾಲ್ ಹುಟ್ಟೋದಿಲ್ಲ. ಕೊಲ್ಲೋದು ಕಾರ್ಖಾನೆಯ ಮೆಥನಾಲನ್ನು ಯಾರೋ ಬೆರೆಸಿದಾಗ. ಅದು ನೋಡೋಕೆ, ಮೂಸೋಕೆ ಕುಡಿಯೋ ಆಲ್ಕೋಹಾಲಿನಂತೆಯೇ ಇರುತ್ತೆ, ಹಾಗಾಗಿ ಮೇಲಿನ ಮೂಗಿನ ಪರೀಕ್ಷೆ ಇಲ್ಲಿ ಕೆಲಸಕ್ಕೆ ಬರಲ್ಲ. ದೇಹದೊಳಗೆ ಅದು ಫಾರ್ಮಿಕ್ ಆಮ್ಲವಾಗಿ ಕಣ್ಣಿನ ನರವನ್ನು ಸುಡುತ್ತೆ. 1981ರಲ್ಲಿ ಬೆಂಗಳೂರಿನಲ್ಲಿ 300ಕ್ಕೂ ಹೆಚ್ಚು ಜನ ಹೀಗೆ ಸತ್ತರು. 2008ರ ಮೇನಲ್ಲಿ ಬೆಂಗಳೂರಿನ ಸುತ್ತಮುತ್ತ ಮತ್ತು ಗಡಿಯಾಚೆ ಕೃಷ್ಣಗಿರಿಯಲ್ಲಿ ಸೇರಿ 150ಕ್ಕೂ ಹೆಚ್ಚು.

ಎರಡನೇ ದುರಂತದ ತಾರೀಕು ಗಮನಿಸಿ. ಕರ್ನಾಟಕದಲ್ಲಿ ಸಾರಾಯಿ ನಿಷೇಧ ಆದದ್ದು 2007ರ ಜುಲೈ 1ರಂದು. ವರ್ಷ ತುಂಬುವ ಮೊದಲೇ ಈ ಸಾವು. ನಿಷೇಧದಿಂದ ಕುಡಿತ ನಿಲ್ಲಲಿಲ್ಲ. ಒಂದಷ್ಟು ಕಳ್ಳಭಟ್ಟಿಗೆ ಹೋಯ್ತು, ಬಹುಪಾಲು ಅದೇ ಕಾಕಂಬಿ ಸ್ಪಿರಿಟಿಗೆ ಬಣ್ಣ, ಎಸೆನ್ಸ್ ಹಾಕಿದ ಟೆಟ್ರಾ ಪಾಕೆಟ್ಟಿಗೆ ಹೋಯ್ತು. 2025-26ರ ಬಜೆಟ್ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. 2019ರ ಜನವರಿಯಲ್ಲಿ ಸಾವಿರಾರು ಹೆಣ್ಣುಮಕ್ಕಳು ಮದ್ಯ ನಿಷೇಧ ಕೇಳಿ ಚಿತ್ರದುರ್ಗದಿಂದ ನಮ್ಮ ಜಿಲ್ಲೆ ಹಾದು ಬೆಂಗಳೂರಿಗೆ ನಡೆದರು. 2008 ನೆನೆದರೆ ಅವರ ಬೇಡಿಕೆಯನ್ನು ಪೂರ್ತಿ ಒಪ್ಪೋದು ನನಗೆ ಕಷ್ಟ. ಆದರೆ ಎಷ್ಟು ಮಾರಾಟ ಆಗಬೇಕು ಅಂತ ಗುರಿ ಇಟ್ಟುಕೊಂಡ ಸರ್ಕಾರ ಕುಡಿತ ಬಿಡಿಸುತ್ತೆ ಅಂತ ನಂಬೋದು ಅದಕ್ಕಿಂತ ಕಷ್ಟ.

ಈಗ ತೆಂಗಿಗೆ ಬರೋಣ. ಹೊಂಬಾಳೆ ಕಟ್ಟಿ, ಕೆತ್ತಿ ಇಳಿಸಿದ ಸಿಹಿ ರಸ ನೀರಾ. ಬಿಟ್ಟರೆ ಕೆಲವೇ ಗಂಟೆಗಳಲ್ಲಿ ತಾನಾಗಿ ಹುಳಿತು ಕಳ್ಳು. 750 ಎಂಎಲ್ ಬಾಟಲಿಯಲ್ಲಿ 321 ಎಂಎಲ್ ಶುದ್ಧ ಆಲ್ಕೋಹಾಲ್ ಇರುತ್ತೆ. ಶೇ 6ರ ಕಳ್ಳಿಂದ ಅದನ್ನು ತೆಗೆಯೋಕೆ ಐದೂವರೆ ಲೀಟರ್ ಬೇಕು, ಅಂದರೆ ಒಂದು ಮರದ ಮೂರ್ನಾಲ್ಕು ದಿನದ ಇಳುವರಿ. ಅದೇ ಬಾಟಲಿಗೆ ಕಾಕಂಬಿ ಒಂದೂವರೆ ಕೆಜಿ ಸಾಕು. ಎರಡನ್ನೂ ಕಾಲಂಗೆ ಹಾಕಿ ಶೇ 96ಕ್ಕೆ ಏರಿಸಿದರೆ ಹೊರಗೆ ಬರೋದು ಒಂದೇ ವಸ್ತು. ಮಂಡ್ಯದ ಕಬ್ಬಿಗೂ ತಿಪಟೂರಿನ ತೆಂಗಿಗೂ ವ್ಯತ್ಯಾಸ ಅಳಿಸೋ ಯಂತ್ರಕ್ಕೆ ದುಬಾರಿ ರಸ ಸುರಿಯೋದು ಯಾಕೆ?

ಶ್ರೀಲಂಕಾದವರು ಹಾಗೆ ಮಾಡಲಿಲ್ಲ. ತೆಂಗಿನ ಕಳ್ಳನ್ನು ಅದರ ಗುಣ ಉಳಿಯೋ ಮಟ್ಟಕ್ಕೆ ಮಾತ್ರ ಭಟ್ಟಿ ಇಳಿಸಿ, ಹಲ್ಮಿಲ್ಲ ಮರದ ಪೀಪಾಯಿಯಲ್ಲಿ ಮಾಗಿಸಿ ಅರಾಕ್ ಅಂತ ಜಗತ್ತಿಗೆ ಮಾರ್ತಾರೆ. ಗೋವಾದಲ್ಲಿ ತೆಂಗಿನ ಫೆನಿ ಇದೆ, ಗೋಡಂಬಿ ಫೆನಿಗೆ 2009ರಲ್ಲೇ ಜಿಐ ಸಿಕ್ಕಿತು. ಅರಾಕ್ ಅನ್ನೋ ಪದವೇ ನಮ್ಮಲ್ಲಿ ಸಾರಾಯಿ, ನಿಷೇಧಿತ ವಸ್ತು. ಕೇಳೋದಾದರೆ ತೆಂಗಿನ ವೋಡ್ಕಾ ಬೇಡ, ರೈತರ ಕಂಪನಿಗಳಿಗೆ ಸಣ್ಣ ಭಟ್ಟಿಯ ಪರವಾನಗಿ, ಅದಕ್ಕೊಂದು ಬೇರೆ ವರ್ಗ ಕೇಳಬೇಕು. ಅದಾಗೋವರೆಗೆ ಕಾಸರಗೋಡಿನ ಸಿಪಿಸಿಆರ್‌ಐ ರೂಪಿಸಿದ ಕಲ್ಪರಸ ಇದೆ. ರಸ ಹುಳಿಯದ ಹಾಗೆ ಐಸ್ ಪೆಟ್ಟಿಗೆಯಲ್ಲಿ ಇಳಿಸೋ ವಿಧಾನ, ಆಲ್ಕೋಹಾಲ್ ಇಲ್ಲ.

ಎರಡಕ್ಕೂ ತೊಡಕು ಒಂದೇ. ಕರಾವಳಿಯಲ್ಲಿ ಕಳ್ಳು ಇಳಿಸೋ ಮೂರ್ತೆದಾರರು ಇವತ್ತಿಗೂ ಇದ್ದಾರೆ. ನಮ್ಮ ಬಯಲುಸೀಮೆಯ ಈಡಿಗರು ಹೆಚ್ಚಾಗಿ ಹೆಂಡ ಇಳಿಸ್ತಿದ್ದದ್ದು ಈಚಲಿಂದ, ಆ ಕಸುಬೂ ಈಗ ನಿಂತಿದೆ. ರಸ ಇಳಿಸೋಕೆ ದಿನಕ್ಕೆ ಎರಡು ಸಲ ಮರ ಹತ್ತಬೇಕು. ಬಿಳಿಗೆರೆ ಸುತ್ತಮುತ್ತ ಕಾಯಿ ಕೆಡವೋಕೇ ಆಳು ಸಿಗ್ತಿಲ್ಲ.