ಗೂಡು-ಮೊಟ್ಟೆಗಳ ಕಲ್ಲಚ್ಚು ಚಿತ್ರಗಳು: ಜೋನ್ಸ್ ಕುಟುಂಬದ ಕೊಡುಗೆ

ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಪಕ್ಷಿಚಿತ್ರ ಪರಂಪರೆಯ ಚರ್ಚೆಯು ಸಾಮಾನ್ಯವಾಗಿ ಜಾನ್ ಜೇಮ್ಸ್ ಆಡುಬಾನರ 'ಬರ್ಡ್ಸ್ ಆಫ್ ಅಮೆರಿಕ' ಗ್ರಂಥದಿಂದಲೇ ಆರಂಭವಾಗುತ್ತದೆ. ಆ ಚಿತ್ರಗಳಲ್ಲಿ ಹಕ್ಕಿಯೇ ಪ್ರಧಾನ. ಗೂಡು ಕಾಣಿಸಿದರೂ ಅದು ಹಿನ್ನೆಲೆ ಮಾತ್ರ. 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ ಆ ಚಿತ್ರಗಳನ್ನು ಕಂಡ ಓಹಾಯೋ ರಾಜ್ಯದ ಸರ್ಕಲ್‌ವಿಲ್ ಪಟ್ಟಣದ ಜೆನೆವೀವ್ ಜೋನ್ಸ್ ಈ ಕೊರತೆಯನ್ನು ಗುರುತಿಸಿದಳು. ಗೂಡು ಮತ್ತು ಮೊಟ್ಟೆಗಳಿಗೇ ಮೀಸಲಾದ ಚಿತ್ರಗ್ರಂಥವೊಂದರ ಯೋಜನೆ ಹುಟ್ಟಿದ್ದು ಹೀಗೆ.

ಈ ಕಾರ್ಯದಲ್ಲಿ ಇಡೀ ಮನೆತನವೇ ತೊಡಗಿತು. ವೈದ್ಯನಾಗಿದ್ದ ಸಹೋದರ ಹೊವಾರ್ಡ್ ಗೂಡು-ಮೊಟ್ಟೆಗಳನ್ನು ಸಂಗ್ರಹಿಸಿ ವಿವರಣೆ ಬರೆದನು, ತಂದೆ ಡಾ. ನೆಲ್ಸನ್ ಜೋನ್ಸ್ ವೆಚ್ಚ ಭರಿಸಿದರು; ಗೆಳತಿ ಎಲೈಜಾ ಶುಲ್ಜ್ ಚಿತ್ರರಚನೆಯಲ್ಲಿ ಜೊತೆಗೂಡಿದಳು. ನುಣುಪಾದ ಕಲ್ಲಿನ ಮೇಲೆ ಜಿಡ್ಡಿನ ಬಳಪದಿಂದ ಚಿತ್ರ ಬರೆದು, ಅಚ್ಚು ತೆಗೆದು, ಬಳಿಕ ಪ್ರತಿಯೊಂದು ಹಾಳೆಗೂ ಕೈಯಿಂದಲೇ ಬಣ್ಣ ತುಂಬುವುದು ಅವರು ಅನುಸರಿಸಿದ ಕ್ರಮ. ಬಾಲ್ಟಿಮೋರ್ ಓರಿಯೋಲ್‌ನ ಜೋಲುಗೂಡಿನಂತಹ ಹೆಣಿಗೆಯಲ್ಲಿ ನಾರಿನ ಎಳೆ ಎಲ್ಲಿ ಹೊಕ್ಕು ಎಲ್ಲಿ ಹೊರಬರುತ್ತದೆಂಬುದನ್ನು ತೋರಿಸಲು ಕಲಾವಿದೆಗೆ ನೇಕಾರಳ ಕಣ್ಣೇ ಬೇಕು. ಹಕ್ಕಿಯಿಲ್ಲದ ಚಿತ್ರದಲ್ಲಿ ಹಕ್ಕಿಯ ಕುಶಲತೆಯೇ ವಸ್ತುವಾಗುತ್ತದೆ.

ಗ್ರಂಥವು ಚಂದಾದಾರರಿಗೆ ಕಂತುಗಳಲ್ಲಿ ತಲುಪುತ್ತಿತ್ತು. ಚಂದಾದಾರರಲ್ಲಿ ಆಗಿನ್ನೂ ವಿದ್ಯಾರ್ಥಿಯಾಗಿದ್ದ ಥಿಯೊಡೋರ್ ರೂಸ್‌ವೆಲ್ಟ್ ಒಬ್ಬರು. ಮೊದಲ ಕಂತು ಹೊರಬಂದ 1879ರಲ್ಲಿಯೇ ಜೆನೆವೀವ್ ವಿಷಮಶೀತ ಜ್ವರದಿಂದ ತೀರಿಕೊಂಡಳು. ಆಗ ಆಕೆಗೆ 32 ವರ್ಷ. ಆಕೆ ಪೂರ್ಣಗೊಳಿಸಿದ್ದುದು ಐದು ಚಿತ್ರಗಳನ್ನು ಮಾತ್ರ. ತಾಯಿ ವರ್ಜೀನಿಯಾ ಮಗಳ ಬಳಪವನ್ನು ಕೈಗೆತ್ತಿಕೊಂಡಳು. ಕೆಲಕಾಲದ ನಂತರ ಎಲೈಜಾ ಹಿಂದೆ ಸರಿದಾಗ ಕಲ್ಲಿನ ಮೇಲಿನ ಚಿತ್ರರಚನೆಯ ಭಾರ ಬಹುಪಾಲು ಆಕೆಯ ಮೇಲೆಯೇ ಬಿದ್ದಿತು. ಬಣ್ಣ ತುಂಬಲು ಊರಿನ ಯುವತಿಯರು ನೆರವಾದರು. 1886ರಲ್ಲಿ ಕೃತಿ ಮುಗಿದಾಗ 68 ಚಿತ್ರಫಲಕಗಳಲ್ಲಿ 130 ಪ್ರಭೇದಗಳ ಗೂಡು-ಮೊಟ್ಟೆಗಳು ದಾಖಲಾಗಿದ್ದವು. ಸಿದ್ಧಗೊಂಡ ಪ್ರತಿಗಳು ನೂರನ್ನೂ ಮುಟ್ಟಲಿಲ್ಲ.

ಗ್ರಂಥದ ಶೀರ್ಷಿಕೆ ಪುಟವು ಬರಹದ ಕರ್ತೃವಾಗಿ ಹೊವಾರ್ಡ್‌ನನ್ನೂ ಚಿತ್ರಗಳ ಕರ್ತೃವಾಗಿ 'ಮಿಸೆಸ್ ಎನ್. ಇ. ಜೋನ್ಸ್' ಅವರನ್ನೂ ಹೆಸರಿಸುತ್ತದೆ. ಆ ಎರಡು ಮೊದಲಕ್ಷರಗಳು ಪತಿಯವು. ಕಾಲದ ರೂಢಿಯಂತೆ ವರ್ಜೀನಿಯಾ ಎಂಬ ಹೆಸರು ಅಲ್ಲಿ ಮರೆಯಾಯಿತು. 2012ರಲ್ಲಿ ಜಾಯ್ ಕೈಸರ್ ಅವರ ಅಧ್ಯಯನವು ಪ್ರಕಟವಾದ ಮೇಲೆ ಕೃತಿಗೆ ಹೊಸ ಓದುಗರು ದೊರೆತರಾದರೂ, ಆ ಅಧ್ಯಯನದ ಶೀರ್ಷಿಕೆಯಲ್ಲಿ ಜೋನ್ಸ್ ಮನೆತನವು 'ಅಮೆರಿಕದ ಇನ್ನೊಬ್ಬ ಆಡುಬಾನ್' ಎಂದೇ ಪರಿಚಿತವಾಯಿತು. ಕನಸು ಮಗಳದು, ದುಡಿಮೆ ಬಹುಮಟ್ಟಿಗೆ ತಾಯಿಯದು. ಹಕ್ಕಿಯನ್ನು ಬಿಟ್ಟು ಗೂಡನ್ನು ಮುಂದಿಟ್ಟ ಈ ಚಿತ್ರಗಳನ್ನು ಅವರವರ ಹೆಸರಿನಿಂದಲೇ ಗುರುತಿಸುವುದು ಕಲಾ ಇತಿಹಾಸವು ಸಲ್ಲಿಸಬೇಕಾದ ನ್ಯಾಯ.