100 ತೆಂಗಿನಕಾಯಿ 57 ಆದ ಲೆಕ್ಕ

ಭಾಗ 1: ಆಣೆ

ಕಂಪ್ಯೂಟರ್ ಹಿಸ್ಟರಿ ಅಂದ ತಕ್ಷಣ ಸ್ಕ್ರೋಲ್ ಮಾಡ್ಬೇಡಿ. ಶುರು ಮಾಡೋದು ಕಾಮರ್ಸ್‌ನಿಂದಲೇ.

1957ರ ಏಪ್ರಿಲ್ 1. ಅವತ್ತು ರೂಪಾಯಿಯ ಚಿಲ್ಲರೆ ಬದಲಾಯ್ತು. ಅಲ್ಲಿವರೆಗೆ ರೂಪಾಯಿಗೆ 16 ಆಣೆ, ಅವತ್ತಿಂದ 100 ನಯಾ ಪೈಸೆ. ಹಾಗಾದ್ರೆ ಒಂದು ಆಣೆಗೆ ಎಷ್ಟು ಪೈಸೆ? ಭಾಗಿಸಿ ನೋಡಿ: 6.25. ಕಾಲು ಪೈಸೆ ನಾಣ್ಯ ಇಲ್ಲವಲ್ಲ, ಅದಕ್ಕೆ ಬದಲಾವಣೆ ಪಟ್ಟಿ ಮಾಡಿದ್ರು. 1 ಆಣೆಗೆ 6 ಪೈಸೆ, 2 ಆಣೆಗೆ 12, 3 ಆಣೆಗೆ 19, 4 ಆಣೆಗೆ ಸರಿಯಾಗಿ 25. ಎರಡಾಣೆಯ 12.5ನ್ನು ಕೆಳಕ್ಕೆ ಇಳಿಸಿದ್ದಾರೆ ನೋಡಿ. ತಮಾಷೆ ಅಂದ್ರೆ ಅದೇ ಕಾಲದ ಅಂಚೆ ಚೀಟಿಗಳಲ್ಲಿ 13 ನಯಾ ಪೈಸೆಯದ್ದೂ ಒಂದಿದೆ. 12.5ನ್ನು ಮೇಲಕ್ಕೆ ಏರಿಸಿದ್ರೆ 13 ತಾನೇ?

ಈಗ ಸಂತೆಯಲ್ಲಿ ಒಂದೊಂದು ಆಣೆಯ 16 ವ್ಯಾಪಾರ ಆಯ್ತು ಅಂದ್ಕೊಳ್ಳಿ. ಒಟ್ಟು ಕೂಡಿ ಆಮೇಲೆ ಬದಲಾಯಿಸಿದ್ರೆ 100 ಪೈಸೆ. ಒಂದೊಂದನ್ನೇ ಬದಲಾಯಿಸಿ ಕೂಡಿದ್ರೆ 96. ಯಾರೂ ಕದ್ದಿಲ್ಲ, ಯಾರೂ ತಪ್ಪು ಕೂಡಿಲ್ಲ. ನಾಲ್ಕು ಪೈಸೆ ಮಾತ್ರ ಇಲ್ಲ. ಈ ನಾಲ್ಕು ಪೈಸೇನ ಮನಸ್ಸಲ್ಲಿ ಇಟ್ಕೊಂಡಿರಿ.

ಭಾಗ 2: 42 64 00 00

ದಶಮಾಂಶ ಇರೋ ಸಂಖ್ಯೆಯನ್ನ ಕಂಪ್ಯೂಟರ್ ಒಳಗೆ ಮೂರು ತುಂಡು ಮಾಡಿ ಇಡ್ತಾರೆ: ಪ್ಲಸ್ಸೋ ಮೈನಸ್ಸೋ ಅನ್ನೋ ಗುರುತು, ಎಷ್ಟು ದೊಡ್ಡದು ಅನ್ನೋ ಘಾತ, ಮತ್ತೆ ನಿಜವಾದ ಅಂಕಿಗಳು. ಇದಕ್ಕೆ ಫ್ಲೋಟಿಂಗ್ ಪಾಯಿಂಟ್ ಅಂತಾರೆ. ಇಷ್ಟು ಎಲ್ಲರಿಗೂ ಒಂದೇ. ಆದ್ರೆ ಯಾವ ತುಂಡಿಗೆ ಎಷ್ಟು ಜಾಗ, ಯಾವುದು ಮೊದಲು, ಇದನ್ನ 1985ಕ್ಕಿಂತ ಮುಂಚೆ ಒಂದೊಂದು ಕಂಪನಿ ಒಂದೊಂದು ಥರ ಮಾಡ್ಕೊಂಡಿತ್ತು.

ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನೇ ನೋಡಿ. ಮೊದಲು ಅಲ್ಲಿದ್ದ ದೊಡ್ಡ ಯಂತ್ರ ಐಬಿಎಂ 360/44. ಆಮೇಲೆ 80ರ ದಶಕದಲ್ಲಿ ಡೆಕ್ 1090. ಐಬಿಎಂನದ್ದು 32 ಬಿಟ್‌ನ ಪದ, ಅದರ ಘಾತ 16ರ ಲೆಕ್ಕದಲ್ಲಿ, ಅಂದ್ರೆ ಥೇಟ್ ಆಣೆ ಲೆಕ್ಕ! ಡೆಕ್‌ನದ್ದು 36 ಬಿಟ್, ಘಾತ 2ರ ಲೆಕ್ಕದಲ್ಲಿ. ಒಂದರ ಸಂಖ್ಯೆ ಇನ್ನೊಂದರ ಡಬ್ಬಿಗೆ ಹಿಡಿಸೋದೇ ಇಲ್ಲ. ಅಕ್ಷರಗಳ ಸಂಕೇತ ಕೂಡ ಬೇರೆ ಬೇರೆ. ಇಂಥ ಕಡೆ ಸಾಮಾನ್ಯವಾಗಿ ಸಂಖ್ಯೆಯನ್ನ ಬರಹದ ರೂಪಕ್ಕೆ ಇಳಿಸಿ, ಟೇಪಿಗೆ ಹಾಕಿ, ಹೊಸ ಯಂತ್ರದಲ್ಲಿ ಮತ್ತೆ ಓದಿಸ್ತಿದ್ರು. ನಿಧಾನ, ಆದ್ರೆ ನಂಬಬಹುದು.

ನಂಬದೆ ಬಿಟ್ರೆ ಏನಾಗುತ್ತೆ ಅಂತ ಒಂದೇ ಉದಾಹರಣೆ. ಐಬಿಎಂ ಯಂತ್ರ 100ನ್ನು ಹೀಗೆ ಬರೆದಿಡುತ್ತೆ: 42 64 00 00. ಇದು ಹದಿನಾರರ ಲೆಕ್ಕದ ಬರಹ. ಆ 42 ಅಂದ್ರೆ ನಮ್ಮ 66. ಅದರಲ್ಲಿ 64 ಕಳೆದ್ರೆ 2, ಅಂದ್ರೆ 16ರ ವರ್ಗ, 256. ಮುಂದಿನ 64 ಅಂದ್ರೆ ನಮ್ಮ 100, ಅದು 256ರಲ್ಲಿ 100 ಪಾಲು. ಗುಣಿಸಿದ್ರೆ 100. ಈಗ ಇದೇ ನಾಲ್ಕು ಬೈಟನ್ನ ನಿಮ್ಮ ಲ್ಯಾಪ್‌ಟಾಪಿಗೆ ಕೊಟ್ಟು, ಇದೊಂದು ಸಂಖ್ಯೆ, ಓದು ಅನ್ನಿ. ಅದರ ಪದ್ಧತಿಯಲ್ಲಿ ಘಾತದ ಭಾಗ 32 ಆಗುತ್ತೆ, ಅಂಕಿಯ ಭಾಗ 1.78125. ಗುಣಿಸಿ ನೋಡಿ.

57.

ಎರರ್ ಇಲ್ಲ, ಕೆಂಪು ಗೆರೆ ಇಲ್ಲ. ನೂರು ಕಾಯಿ ಕಳಿಸಿದ್ರೆ ಐವತ್ತೇಳು ಬಂತು, ರಸೀದಿ ಮಾತ್ರ ನೀಟಾಗಿದೆ. ಸೊನ್ನೆಯೋ ಹತ್ತು ಕೋಟಿಯೋ ಬಂದಿದ್ರೆ ಕಣ್ಣಿಗೆ ಬೀಳ್ತಿತ್ತು. 57 ಹೇಗ್ರಿ ಕಣ್ಣಿಗೆ ಬೀಳುತ್ತೆ? ನನ್ನ ಕೇಳಿದ್ರೆ ಈ ಥರದ ತಪ್ಪೇ ಎಲ್ಲಕ್ಕಿಂತ ಅಪಾಯ.

ಇಂಥದ್ದನ್ನ ಹಿಡಿಯೋಕೆ ಇರೋ ಸಾಧನ ಡೀಬಗ್ಗರ್. ನಡೀತಿರೋ ಪ್ರೋಗ್ರಾಂ ನಿಲ್ಲಿಸಿ ಅದರ ಹೊಟ್ಟೆಯೊಳಗೆ ನೋಡೋದು. ಜಿಡಿಬಿ ಅನ್ನೋದು ಇದರಲ್ಲಿ ಹೆಸರಾಂತದ್ದು, ರಿಚರ್ಡ್ ಸ್ಟಾಲ್‌ಮನ್ 1986ರಲ್ಲಿ ಬರೆದದ್ದು. ಅದರಲ್ಲಿ ಒಂದೇ ಜಾಗವನ್ನ ಒಮ್ಮೆ ಬರೀ ಬೈಟ್ ಆಗಿ, ಇನ್ನೊಮ್ಮೆ ದಶಮಾಂಶ ಸಂಖ್ಯೆಯಾಗಿ ನೋಡಬಹುದು. ಅದರ ಒಳಗೆ ನಮ್ಮ ಬದಲಾವಣೆ ಪಟ್ಟಿಯಂಥದ್ದೇ ಒಂದು ಪಟ್ಟಿ ಇದೆ. ಯಾವ ಯಂತ್ರದಲ್ಲಿ ಗುರುತಿನ ಬಿಟ್ ಎಲ್ಲಿ, ಘಾತ ಎಲ್ಲಿಂದ ಶುರು, ಅದರಲ್ಲಿ ಎಷ್ಟು ಕಳೀಬೇಕು, ಬರೆಯದೇ ಬಿಟ್ಟ ಒಂದು ಬಿಟ್ ಇದೆಯಾ ಇಲ್ವಾ. ಬೇರೆ ಯಂತ್ರದ ಪ್ರೋಗ್ರಾಂ ಅನ್ನ ಇಲ್ಲಿ ಕೂತು ಪರೀಕ್ಷೆ ಮಾಡ್ತಿದ್ರೂ ಆ ಪಟ್ಟಿ ನೋಡ್ಕೊಂಡು ಅದರ ಸಂಖ್ಯೆಯನ್ನ ನಮ್ಮ ಸಂಖ್ಯೆಗೆ ಬದಲಾಯಿಸಿ ತೋರಿಸುತ್ತೆ.

ಭಾಗ 3: ಒಂದೇ ಮಾತಿಗೆ ಬಂದಿದ್ದು

ಈ ಗೊಂದಲಕ್ಕೆ ಒಂದು ಕೊನೆ ಕಾಣಿಸೋಕೆ ಹೆಚ್ಚು ಹಟ ಹಿಡಿದವರು ಬರ್ಕ್ಲಿಯ ಪ್ರೊಫೆಸರ್ ವಿಲಿಯಂ ಕಹಾನ್. ಇಂಟೆಲ್ 1980ರಲ್ಲಿ ತಂದ 8087 ಅನ್ನೋ ಲೆಕ್ಕದ ಚಿಪ್‌ಗೆ ಸಲಹೆ ಕೊಟ್ಟವರೂ ಅವರೇ. ಡೆಕ್ ಕಂಪನಿ ತನ್ನದೇ ಪದ್ಧತಿ ಇರಲಿ ಅಂತ ವರ್ಷಗಟ್ಟಲೆ ವಾದ ಮಾಡ್ತು. ಕೊನೆಗೆ 1985ರಲ್ಲಿ ಐಇಇಇ 754 ಅನ್ನೋ ಮಾನದಂಡ ಬಂತು. ಕಹಾನ್‌ಗೆ 1989ರಲ್ಲಿ ಟ್ಯೂರಿಂಗ್ ಪ್ರಶಸ್ತಿ. ನಿಮ್ಮ ಫೋನು, ಎಕ್ಸೆಲ್ ಎಲ್ಲ ಇವತ್ತು ಕೂಡೋದು ಇದೇ ಪದ್ಧತಿಯಲ್ಲಿ.

ಭಾಗ 4: ಬೆಂಗಳೂರು, 1986

ಆ ಹೊತ್ತಿಗೆ ಭಾರತ ಅಮೆರಿಕದ ಹತ್ರ ದೊಡ್ಡ ಕ್ರೇ ಸೂಪರ್ ಕಂಪ್ಯೂಟರ್ ಕೇಳ್ತಿತ್ತು. ಕೇಳಿದ್ದು ಸಿಗಲಿಲ್ಲ. ಹವಾಮಾನ ಲೆಕ್ಕಕ್ಕೆ ಅಂತ ದೆಹಲಿಗೆ ಮಾತ್ರ ಅದಕ್ಕಿಂತ ಚಿಕ್ಕದಾದ ಎಕ್ಸ್-ಎಂಪಿ 14 ಬಂತು. ಬೆಂಗಳೂರಿನ ಎನ್‌ಎಎಲ್‌ನಲ್ಲಿ ರೊದ್ದಂ ನರಸಿಂಹ ನಿರ್ದೇಶಕರು. ಅಲ್ಲಿ ಯು.ಎನ್. ಸಿನ್ಹಾ ಅವರ ತಂಡ ಸಾಧಾರಣ 8086 ಚಿಪ್, ಜೊತೆಗೆ ಅದೇ 8087, ಇವನ್ನ ಜೋಡಿಸಿ 1986ರಲ್ಲಿ ಫ್ಲೋಸಾಲ್ವರ್ ಕಟ್ಟಿತು. ಪುಣೆಯ ಪರಮ್ 8000 ಬಂದಿದ್ದು 1991ರಲ್ಲಿ. ಅಂದ್ರೆ ನಮ್ಮದು ಐದು ವರ್ಷ ಮುಂಚೆ! ಪಠ್ಯಪುಸ್ತಕದಲ್ಲಿ ಪರಮ್ ಹೆಸರು ಸಿಗುತ್ತೆ, ಫ್ಲೋಸಾಲ್ವರ್ ಹೆಸರು ನಾನಂತೂ ನೋಡಿಲ್ಲ.

90ರ ದಶಕದಲ್ಲಿ ದೆಹಲಿಯ ಕ್ರೇ ಮೇಲೆ ಓಡ್ತಿದ್ದ ಹವಾಮಾನ ಮುನ್ಸೂಚನೆಯ ಪ್ರೋಗ್ರಾಂ ಅನ್ನ ಫ್ಲೋಸಾಲ್ವರ್ ಮೇಲೂ ಓಡಿಸಿದ್ರು. ಇಲ್ಲೇ ನೋಡಿ ನಮ್ಮ ಆಣೆ ಮತ್ತೆ ಬರೋದು. ಕ್ರೇ ಪದ್ಧತಿಯಲ್ಲಿ 64 ಬಿಟ್‌ನಲ್ಲಿ 48 ಅಂಕಿಗಳಿಗೆ. ಐಇಇಇ ಪದ್ಧತಿಯ 64ರಲ್ಲಿ ಅಂಕಿಗಳ ನಿಖರತೆ 53 ಬಿಟ್. 8087 ತನ್ನೊಳಗೆ ಲೆಕ್ಕ ಮಾಡೋದು 80 ಬಿಟ್‌ನಲ್ಲಿ, ಹೊರಗೆ ಇಡುವಾಗ 64ಕ್ಕೆ ಕತ್ತರಿಸಿ ಇಡಬಹುದು. ಹಾಗಾಗಿ ಅಂಥ ಯಂತ್ರದಲ್ಲಿ ಡೀಬಗ್ಗರ್ ಹಾಕಿದ್ರೆ ಚಿಪ್ ಒಳಗಿನ ಸಂಖ್ಯೆ ಒಂದು, ಮೆಮೊರಿಯಲ್ಲಿರೋ ಅದೇ ಸಂಖ್ಯೆ ಇನ್ನೊಂದು. ಇದರ ಜೊತೆ ಸಮಾಂತರ ಯಂತ್ರದಲ್ಲಿ ಒಂದೊಂದು ಚಿಪ್ ಒಂದೊಂದು ಭಾಗ ಕೂಡುತ್ತೆ. ಕೂಡೋ ಕ್ರಮ ಬದಲಾದ್ರೆ ಕೊನೆ ಅಂಕಿಯೂ ಬದಲು. 96 ಮತ್ತು 100ರ ಕಥೆ ನೆನಪಿದೆಯಲ್ಲ?

ಮಳೆ ಲೆಕ್ಕದಲ್ಲಿ ಕೊನೆ ಅಂಕಿ ಯಾರಿಗೆ ಬೇಕು ಅನ್ನಿಸಬಹುದು. 1961ರಲ್ಲಿ ಎಡ್ವರ್ಡ್ ಲೊರೆಂಜ್ ಅನ್ನೋ ಹವಾಮಾನ ವಿಜ್ಞಾನಿ 0.506127 ಬದಲು 0.506 ಅಂತ ಹಾಕಿ ಲೆಕ್ಕವನ್ನ ಮತ್ತೆ ಓಡಿಸಿದ್ರು. ಮೊದಮೊದಲು ಎರಡೂ ಒಂದೇ ಥರ ಹೋಗಿ, ಆಮೇಲೆ ಪೂರ್ತಿ ಬೇರೆ ಹವಾಮಾನವೇ ಬಂತು. ಹಾಗಾದ್ರೆ ಹೊಸ ಯಂತ್ರದ ಉತ್ತರ ಹಳೇ ಯಂತ್ರದ ಉತ್ತರಕ್ಕೆ ಹೊಂದದಿದ್ದಾಗ ಏನಂತೀರಿ? ಪ್ರೋಗ್ರಾಂ ಬದಲಾಯಿಸಿದವರು ತಪ್ಪು ಮಾಡಿದ್ರಾ, ಅಥವಾ ಇದು ಬರೀ ಚಿಲ್ಲರೆ ವ್ಯತ್ಯಾಸವಾ? ಇದನ್ನ ಬೇರ್ಪಡಿಸೋಕೆ ಮೊದಲ ಹೆಜ್ಜೆಯಿಂದ ಒಂದೊಂದೇ ಸಂಖ್ಯೆಯನ್ನ ಎರಡೂ ಕಡೆ ನಿಲ್ಲಿಸಿ ಹೋಲಿಸ್ಬೇಕು. ಮೊದಲ ಹೆಜ್ಜೆಯಲ್ಲೇ ನಾಲ್ಕನೇ ಅಂಕಿ ಬದಲಾಗಿದ್ರೆ ಅನುಮಾನ ಪಡಿ. ಹದಿನಾಲ್ಕನೇದು ಬದಲಾಗಿದ್ರೆ ಅದು ಯಂತ್ರದ ಗುಣ. ಆಡಿಟಿಂಗ್ ಕ್ಲಾಸಲ್ಲಿ ವೋಚರ್ ಟ್ಯಾಲಿ ಮಾಡೋದು ಬೋರು ಅಂತೀವಲ್ಲ, ಇದೂ ಅದೇ ಕೆಲಸ ಕಣ್ರೋ.

ಸಣ್ಣದು ಅಂತ ಬಿಟ್ಟಿದ್ದಕ್ಕೆ ಜೀವ ಹೋದದ್ದೂ ಇದೆ. 0.1 ಅನ್ನೋದು ಎರಡರ ಲೆಕ್ಕದಲ್ಲೂ ಹದಿನಾರರ ಲೆಕ್ಕದಲ್ಲೂ ಮುಗಿಯೋದೇ ಇಲ್ಲ. ಒಂದಾಣೆ, ಆಮೇಲೆ ಆಣೆಯ ಹದಿನಾರರಲ್ಲಿ ಒಂಬತ್ತು ಪಾಲು, ಆ ಒಂದು ಪಾಲಿನ ಹದಿನಾರರಲ್ಲಿ ಮತ್ತೆ ಒಂಬತ್ತು, ಹೀಗೇ ಸಾಗುತ್ತೆ. ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಸಮಯವನ್ನ ಸೆಕೆಂಡಿನ ಹತ್ತನೇ ಭಾಗದಲ್ಲಿ ಎಣಿಸ್ತಿತ್ತು, ಆ 0.1ನ್ನು 24 ಬಿಟ್‌ಗೆ ಕತ್ತರಿಸಿ ಇಟ್ಟಿತ್ತು (ಅದು ಫ್ಲೋಟಿಂಗ್ ಅಲ್ಲ, ಆದ್ರೆ ರೋಗ ಒಂದೇ). 100 ಗಂಟೆ ಓಡಿದ ಮೇಲೆ ಗಡಿಯಾರ 0.34 ಸೆಕೆಂಡ್ ತಪ್ಪಿತ್ತು. 1991ರ ಫೆಬ್ರವರಿ 25, ಸೌದಿಯ ದಹ್ರಾನ್. ಬರ್ತಿದ್ದ ಕ್ಷಿಪಣಿಯನ್ನ ಅದು ತಡೀಲಿಲ್ಲ. 28 ಸೈನಿಕರು ಸತ್ತರು.

ಭಾಗ 5: ಇನ್ನೂ ಮುಗಿದಿಲ್ಲ

ಐಬಿಎಂ 1998ರಲ್ಲಿ ತನ್ನ ದೊಡ್ಡ ಯಂತ್ರಗಳಿಗೂ ಐಇಇಇ ಪದ್ಧತಿ ಸೇರಿಸ್ತು. ಹಳೇದನ್ನ ತೆಗೀಲಿಲ್ಲ. ಎಣ್ಣೆ ಹುಡುಕೋಕೆ ಭೂಮಿಯೊಳಗಿನ ಅಲೆ ಅಳೆದು ಇಡೋ ಸೆಗ್-ವೈ ಅನ್ನೋ ಫೈಲು 1975ರದ್ದು, ಅದರಲ್ಲಿ ಐಬಿಎಂ ಸಂಖ್ಯೆಗಳೇ. ಔಷಧ ಪರೀಕ್ಷೆಯ ಅಂಕಿಅಂಶ ಕಳಿಸೋ ಸ್ಯಾಸ್ ಟ್ರಾನ್ಸ್‌ಪೋರ್ಟ್ ಫೈಲಲ್ಲೂ ಅದೇ ಹದಿನಾರರ ಲೆಕ್ಕ. ಅಂದ್ರೆ 42 64 00 00ನ್ನು ಯಾರೋ ಇವತ್ತೂ ಓದ್ತಿದ್ದಾರೆ, 100 ಅಂತಲೋ 57 ಅಂತಲೋ.

ಮನೇಲಿ ಅಜ್ಜ ಅಜ್ಜಿ ಇದ್ರೆ ಎರಡಾಣೆಗೆ ಅವರ ಅಂಗಡೀಲಿ 12 ತಗೊಳ್ತಿದ್ರಾ 13ಆ ಕೇಳಿ, ಕಾಮೆಂಟಲ್ಲಿ ಊರ ಹೆಸರು ಸಮೇತ ಹಾಕಿ.

#ನೊಣವಿನಕೆರೆ #ತಿಪಟೂರು #ಲೆಕ್ಕದಇತಿಹಾಸ #ಫ್ಲೋಸಾಲ್ವರ್